ಕಿಕ್ಯೋ ಬದುಕಿ ಉಳಿದಿದ್ದರೆ ಇನುಯಾಶಾ ಯಾರ ಜೊತೆ ಇರುತ್ತಿದ್ದ?

ಬಾವಿಕಟ್ಟೆ:

ಕೊನೆಯ ಸಂಪುಟದವರೆಗೆ ಓದದವರು ಇಲ್ಲಿಂದಲೇ ವಾಪಸ್ ಹೋಗಿ. ಮುಂದೆ ಎಲ್ಲ ಗುಟ್ಟೂ ಬಯಲಾಗುತ್ತದೆ.

ಜಪಾನಿನ ರುಮಿಕೊ ತಾಕಾಹಾಶಿ ಅವರ ಮಂಗಾ (ಚಿತ್ರಕಥೆ) 'ಇನುಯಾಶಾ' ಬಗ್ಗೆ ಎಲ್ಲಿ ಮಾತು ಶುರುವಾದರೂ ಯಾರಾದರೊಬ್ಬರು ಇದನ್ನು ಎತ್ತುತ್ತಾರೆ: "ಕಿಕ್ಯೋ ಸತ್ತಳು, ಅದಕ್ಕೇ ಕಾಗೊಮೆಗೆ ಅವನು ಸಿಕ್ಕಿದ. ಅವನ ಪ್ರೀತಿ ಕಿಕ್ಯೋ ಮೇಲೇ ಇತ್ತು, ಈ ಹುಡುಗಿ ಎರಡನೇ ಆಯ್ಕೆ." (ಕಾಗೊಮೆ ಅಂದರೆ ಕಿಕ್ಯೋಳ ಮರುಜನ್ಮವಾದ, ಇಂದಿನ ಟೋಕಿಯೊದಿಂದ ಬಾವಿ ಹಾರಿ ಐನೂರು ವರ್ಷ ಹಿಂದಿನ ಕಾಲಕ್ಕೆ ಬರುವ ಹುಡುಗಿ.) ಈ ಮಾತು ನನಗೆ ಒಪ್ಪಿಗೆಯಿಲ್ಲ. ಹಾಗಂತ ಕಾಗೊಮೆಯನ್ನು ಎತ್ತಿ ಹಿಡಿಯಲು ಕಿಕ್ಯೋಳನ್ನು ಕೆಟ್ಟವಳನ್ನಾಗಿ ಮಾಡುವುದೂ ನನಗೆ ಸೇರದು.

ಇನುಯಾಶಾ ಮತ್ತು ಕಿಕ್ಯೋ ಮಧ್ಯೆ ಇದ್ದ ಪ್ರೀತಿ ಮುರಿದು ಬೀಳಲಿಲ್ಲ, ಅರ್ಧಕ್ಕೆ ನಿಂತುಹೋಯಿತು. ಎಲ್ಲದರ ಬೇರು ಇಲ್ಲಿದೆ. ಬೇಡಿದ್ದನ್ನು ಕೊಡುವ ಶಿಕೊನ್ ಮಣಿಯನ್ನು ಬಳಸಿ ಅರ್ಧ ಯೋಕಾಯ್ (ಮಾಯಾಜೀವಿ) ಆದ ಅವನು ಪೂರ್ತಿ ಮನುಷ್ಯನಾಗುವುದು, ಮಣಿ ಇಲ್ಲವಾದ ಮೇಲೆ ಅದನ್ನು ಕಾಯುವ ಮಿಕೊ (ದೇಗುಲದ ಪೂಜಾರಿಣಿ) ಆದ ಅವಳು ಸಾಮಾನ್ಯ ಹೆಣ್ಣಾಗುವುದು, ಹೀಗಂತ ಇಬ್ಬರೂ ಮಾತಾಡಿಕೊಂಡಿದ್ದರು. ಆ ದಿನ ಕಥೆಯ ಖಳನಾಯಕ ನರಾಕು ಇನುಯಾಶಾನ ರೂಪದಲ್ಲಿ ಬಂದು ಅವಳ ಭುಜ ಸೀಳಿದ, ಅವಳ ರೂಪದಲ್ಲಿ ಹೋಗಿ ಇನುಯಾಶಾನ ಮೇಲೆ ಬಾಣ ಬಿಟ್ಟ. ರಕ್ತ ಸುರಿಯುತ್ತಿದ್ದ ಕಿಕ್ಯೋ ಅವನನ್ನು ಬಾಣದಿಂದ ಮರಕ್ಕೆ ಬಂಧಿಸಿದಳು, ಕೊಲ್ಲಲಿಲ್ಲ. ಮಣಿಯನ್ನು ತನ್ನ ದೇಹದ ಜೊತೆಗೇ ಸುಟ್ಟುಬಿಡು ಎಂದು ತಂಗಿ ಕಾಯೆದೆಗೆ ಹೇಳಿ ಸತ್ತಳು. ಊರಿಗೆಲ್ಲ ಐವತ್ತು ವರ್ಷ ಕಳೆಯಿತು, ಪುಟ್ಟ ಕಾಯೆದೆ ಮುದುಕಿಯಾದಳು. ಮರದ ಮೇಲೆ ನಿದ್ದೆ ಹೋದವನ ಪಾಲಿಗೆ ಮಾತ್ರ ಅದೆಲ್ಲ ನಿನ್ನೆ ನಡೆದದ್ದು.

ಜಗಳವಾಡಿ ದೂರವಾದವರನ್ನು ಮರೆಯಬಹುದು. ಇಬ್ಬರೂ ಮೋಸ ಹೋದೆವು, ಅವಳು ನನ್ನನ್ನು ದ್ವೇಷಿಸುತ್ತಲೇ ಸತ್ತಳು ಎಂದು ಗೊತ್ತಾದವನು ಹೇಗೆ ಮರೆಯಬೇಕು? ಕಾಗೊಮೆಗೆ ಇದು ಚೆನ್ನಾಗಿಯೇ ಅರ್ಥವಾಗುತ್ತದೆ. ಅವಳ ಸಂಕಟ ಇರುವುದೇ ಅಲ್ಲಿ, ಏಕೆಂದರೆ ಬೈಯಲು ಅವಳ ಕೈಗೆ ಒಬ್ಬ ತಪ್ಪಿತಸ್ಥನೂ ಸಿಗುವುದಿಲ್ಲ. ನೀವೆಲ್ಲ ಏನಂತೀರಿ?

ಮೂರನೇ ಬೆಂಚು:

ತಪ್ಪಿತಸ್ಥ ಸಿಗಲ್ಲ ಅಂದ್ರೆ ಹೇಗೆ ಗುರು, ಇನುಯಾಶಾನೇ ಇದ್ದಾನಲ್ಲ!

ಕೋಗಾ ವಿಷಯ ತಗೊಳ್ಳಿ. ತೋಳದ ಯೋಕಾಯ್ ಬಂದು ಕಾಗೊಮೆ ಕೈ ಹಿಡಿದು "ಇವಳು ನನ್ನವಳು" ಅಂದ ಕೂಡಲೇ ಇವನಿಗೆ ಮೈಯೆಲ್ಲ ಉರಿ. ಅವಳೇನೂ ಮಾಡಿಲ್ಲ, ಆದ್ರೂ ಅವಳ ಮೇಲೇ ಅನುಮಾನ. ಅವಳು ಸಿಟ್ಟು ಮಾಡ್ಕೊಂಡು ಬಾವಿ ಹಾರಿ ಮನೆಗೆ ಹೋಗಿಬಿಡ್ತಾಳೆ, ಹೋಗ್ಲೇಬೇಕಿತ್ತು. ಅದೇ ಮನುಷ್ಯ ಕಿಕ್ಯೋಳ ಆತ್ಮ ಹೊರುವ ಆ ಬಿಳಿ ಹುಳುಗಳು ಆಕಾಶದಲ್ಲಿ ಕಂಡ್ರೆ ಸಾಕು, ರಾತ್ರೋರಾತ್ರಿ ಎದ್ದು ಹೋಗ್ತಾನೆ. ಹೇಳದೆ ಹೋಗ್ತಾನೆ, ಬಂದ ಮೇಲೆ ಮುಖ ತಗ್ಗಿಸ್ಕೊಂಡು ಕೂರ್ತಾನೆ. ಜೊತೆಗಾರರಾದ ಮಿರೋಕು, ಸಾಂಗೊ, ಕೊನೆಗೆ ಚಿಕ್ಕ ಮಗು ಶಿಪ್ಪೋಗೂ ಗೊತ್ತಾಗುತ್ತೆ ಎಲ್ಲಿಗೆ ಹೋಗಿದ್ದ ಅಂತ.

ಹೊಟ್ಟೆಕಿಚ್ಚು ಪಡೋ ಹಕ್ಕು ಅವನಿಗೆ, ತಾಳ್ಮೆ ಕಾಗೊಮೆಗೆ. ಇದು ಯಾವ ನ್ಯಾಯ? ಹಳೇ ಪ್ರೀತಿ ನೋವು ಅಂತ ಒಪ್ಕೋತೀನಿ, ಆದ್ರೆ ಆ ನೋವಿನ ಹೆಸರಲ್ಲಿ ಇನ್ನೊಂದು ಹುಡುಗಿನ ಪದೇ ಪದೇ ನೋಯಿಸೋದನ್ನ ಒಪ್ಕೊಳ್ಳಲ್ಲ.

ಪೇಡೆನಗರಿ:

ನಾ ಕಿಕ್ಯೋ ಕಡೆ, ಮೊದಲ ಹೇಳಿಬಿಡ್ತೀನಿ.

ಆಕೀನ್ನ ಎಲ್ಲಾರೂ "ಇಬ್ಬರ ನಡುವ ಬಂದಾಕಿ" ಅಂತಾರ. ಅಲ್ರೀ, ಮೊದಲ ಇದ್ದಾಕಿ ಆಕಿ! ಆಕಿ ಬದುಕಿದ್ದಾಗ ಇನುಯಾಶಾಗ ಹೇಳಿದ ಮಾತು ನೆನಪ ಮಾಡ್ಕೋರಿ. ನಾ ಮಿಕೊ, ಸ್ವಲ್ಪ ಮನಸ್ಸು ಅಲುಗಾಡಿತು ಅಂದ್ರ ಯೋಕಾಯ್‌ಗಳು ನನ್ನ ಹಿಡೀತಾವ, ಮನುಷ್ಯಳಾಗಿ ಹುಟ್ಟಿದ್ರೂ ಮನುಷ್ಯರಂಗ ಇರಾಕ ನನಗ ಬರೂಹಂಗಿಲ್ಲ, ನೀನೂ ಹಂಗ ಇದ್ದೀ, ಅದಕ್ಕ ನಿನ್ನ ಕೊಲ್ಲಾಕ ಆಗಲಿಲ್ಲ, ಹಿಂಗಂತಾಳ. ಹುಟ್ಟಿದಾಗಿನಿಂದ ಬಿಗಿ ಹಿಡಕೊಂಡಾಕಿ ಒಮ್ಮೆ ಕೈ ಸಡಲ ಮಾಡಿದಳು. ಅಷ್ಟಕ್ಕ ಜೀವ ಹೋತು.

ಮುಂದ ಆಕೀ ಪಾಡು ನೋಡ್ರಿ. ಉರಾಸುಯೆ ಅನ್ನೋ ರಾಕ್ಷಸಿ ಆಕೀ ಎಲುಬು, ಗೋರಿ ಮಣ್ಣು ಕಲಸಿ ಒಂದು ದೇಹ ಮಾಡಿ ಎಬ್ಬಸ್ತಾಳ. ಆಕಿ ಕೇಳ್ಕೊಂಡಿದ್ದಿಲ್ಲ. ಆತ್ಮ ಬಹಳಷ್ಟು ಕಾಗೊಮೆ ಕಡೆ ವಾಪಸ್ ಹೋಗ್ತದ, ಈಕೀ ಹತ್ರ ಉಳಿಯೋದು ಸಿಟ್ಟು ಒಂದ. ಬ್ಯಾರೆ ಸತ್ತ ಹೆಣ್ಮಕ್ಕಳ ಆತ್ಮ ತುಂಬ್ಕೊಂಡು ತಿರುಗಾಡಬೇಕು. ಕಣ್ಣ ಮುಂದ ತನ್ನ ಹುಡುಗ, ಅವನ ಬಾಜೂಕ ತನ್ನ ಮುಖಾನ ಹೊತ್ತ ಇನ್ನೊಬ್ಬ ಹುಡುಗಿ. ಆ ಹುಡುಗಿ ಉಸಿರಾಡ್ತಾಳ, ಬೆಳೀತಾಳ, ಮನಿಗೆ ಹೋಗಿ ಅವ್ವನ ಕೈಯಾಗ ಉಣ್ತಾಳ. ಮತ್ಸರ ಅಂದ್ರ ಎಲ್ಲಾರೂ ಕಾಗೊಮೆ ಮತ್ಸರ ಅಷ್ಟ ಮಾತಾಡ್ತೀರಿ. ಕಿಕ್ಯೋಗ ಆಗಿದ್ದು ಏನ್ರಿ ಹಂಗಾರ?

ಹೌದು, ಒಡದುಹೋದ ಆ ಮಣೀ ಚೂರು ಕಸಗೊಂಡು ನರಾಕುಗ ಕೊಟ್ಟಳು, ಕಾಗೊಮೆ ಜೀವಕ್ಕ ಕೈ ಹಾಕಿದಳು, ಇನುಯಾಶಾನ್ನ ಅಪ್ಪಿಕೊಂಡು ಪಾತಾಳಕ್ಕ ಎಳದಳು. ಎಲ್ಲಾ ಖರೆ. ನಾ ಅದನ್ನ ಮುಚ್ಚಿಡಂಗಿಲ್ಲ.

ರಾತ್ರಿಪಾಳಿ:

ನಾನು ಬರೀ ಆನಿಮೆ (ಟಿವಿ ಸರಣಿ) ನೋಡಿದವನು. 2000ದಿಂದ 2004ರವರೆಗಿನ 167 ಸಂಚಿಕೆಗಳಲ್ಲಿ ಇದೇ ಸುತ್ತು ಮತ್ತೆ ಮತ್ತೆ: ಕಿಕ್ಯೋ ಬರ್ತಾಳೆ, ಅವನು ಓಡ್ತಾನೆ, ಕಾಗೊಮೆ ಅಳ್ತಾಳೆ. ಒಂದು ಹಂತ ಆದ್ಮೇಲೆ ಸುಸ್ತಾಗಿ ನಿಲ್ಲಿಸಿಬಿಟ್ಟೆ. ಮಂಗಾದಲ್ಲಿ ನಿಜವಾಗ್ಲೂ ಬೇರೆ ಥರ ಇದೆಯಾ?

ಬಾವಿಕಟ್ಟೆ:

@ರಾತ್ರಿಪಾಳಿ, ಸುತ್ತು ಮಂಗಾದಲ್ಲೂ ಇದೆ. 1996ರ ನವೆಂಬರ್‌ನಿಂದ 2008ರ ಜೂನ್‌ವರೆಗೆ ವಾರಪತ್ರಿಕೆಯಲ್ಲಿ ಬಂದ ಕಥೆ, 558 ಅಧ್ಯಾಯ, 56 ಸಂಪುಟ. ಅಷ್ಟು ಉದ್ದದ ಧಾರಾವಾಹಿಯಲ್ಲಿ ಪುನರಾವರ್ತನೆ ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಗಮನವಿಟ್ಟು ಓದಿದರೆ ಪ್ರತಿ ಸುತ್ತಿನಲ್ಲೂ ಕಾಗೊಮೆ ಬೇರೆಯೇ ಜಾಗದಲ್ಲಿ ನಿಂತಿರುತ್ತಾಳೆ.

ಮೊದಲ ಸಲ ಅವಳು ಕೇಳಿಸಿಕೊಳ್ಳಲೇಬೇಕಾದ ಸ್ಥಿತಿಯಲ್ಲಿದ್ದಾಳೆ. ಕಿಕ್ಯೋ ಅವಳನ್ನು ಮರಕ್ಕೆ ಕಟ್ಟಿಹಾಕಿರುತ್ತಾಳೆ. ಇನುಯಾಶಾ ಬಂದರೂ ಅವಳು ಅವನಿಗೆ ಕಾಣಿಸುವುದಿಲ್ಲ, ಅವಳ ಕೂಗು ಕೇಳಿಸುವುದಿಲ್ಲ. ಅವಳಿಗೆ ಎಲ್ಲವೂ ಕಾಣಿಸುತ್ತದೆ, ಎಲ್ಲವೂ ಕೇಳಿಸುತ್ತದೆ. ನಿನ್ನನ್ನು ಒಂದು ದಿನವೂ ಮರೆತಿಲ್ಲ ಎಂದು ಅವನು ಕಿಕ್ಯೋಗೆ ಹೇಳುವುದನ್ನು ಅವಳು ಅಲ್ಲಿಂದಲೇ ಕೇಳಬೇಕು. ತಾಕಾಹಾಶಿ ಇಲ್ಲಿ ಕರುಣೆ ತೋರಿಸುವುದಿಲ್ಲ. ಅವನು ಹೇಳಿದ್ದು ತಪ್ಪಾಗಿ ಕೇಳಿಸಿತು, ಅರ್ಧ ಕೇಳಿಸಿತು ಎಂಬಂಥ ಸುಲಭದ ದಾರಿ ಬಿಡುವುದಿಲ್ಲ. ಅವನು ಹೇಳಿದ್ದು ನಿಜ, ಅವಳು ಕೇಳಿದ್ದೂ ಅಷ್ಟೇ ನಿಜ.

ಅದಾಗಿ ಎಷ್ಟೋ ಸಂಪುಟಗಳ ನಂತರ ಮತ್ತೆ ಅವರಿಬ್ಬರನ್ನು ಒಟ್ಟಿಗೆ ನೋಡಿದಾಗ ಅವಳು ಟೋಕಿಯೊಗೆ ಮರಳಿಬಿಡುತ್ತಾಳೆ. ಈ ಸಲ ಯಾರೂ ಕಟ್ಟಿಹಾಕಿಲ್ಲ, ಬಿಟ್ಟುಬಿಡುವ ಸ್ವಾತಂತ್ರ್ಯ ಪೂರ್ತಿ ಅವಳದ್ದು. ಮನೆಯ ದೇಗುಲದ ಅಂಗಳದಲ್ಲಿ ಅದೇ ಹಳೆಯ ಮರ ಇದೆ, ಐದು ಶತಮಾನದ ಹಿಂದೆ ಅವನನ್ನು ಬಾಣದಿಂದ ಬಂಧಿಸಿದ್ದ ಮರ. ಅದರ ಕೆಳಗೆ ನಿಂತು ಯೋಚಿಸುತ್ತಾಳೆ. ಮತ್ತೆ ಬಾವಿಯ ಆ ಕಡೆ ಹೋದಾಗ ಇನುಯಾಶಾ ಮೊದಲು ಮಾತಾಡುತ್ತಾನೆ: ನಿನ್ನ ಜೊತೆ ಇದ್ದರೆ ನನಗೆ ನೆಮ್ಮದಿ, ಆದರೆ ಕಿಕ್ಯೋ ನನ್ನಿಂದಾಗಿ ಸತ್ತಳು, ನಾನು ನಗುತ್ತಾ ಸುಖವಾಗಿರಬಾರದು, ನನ್ನ ಜೀವ ಅವಳಿಗೆ ಕೊಡಬೇಕಾದ ಋಣ. ಸುಳ್ಳು ಸಮಾಧಾನ ಹೇಳುವುದಿಲ್ಲ. ಅದಕ್ಕೆ ಕಾಗೊಮೆಯ ಉತ್ತರ ನನಗೆ ಇಡೀ ಕಥೆಯಲ್ಲೇ ಹೆಚ್ಚು ಇಷ್ಟವಾದ ಮಾತು. ಕಿಕ್ಯೋಗೆ ನಾನು ಸಾಟಿಯಾಗಲಾರೆ, ಯಾಕೆಂದರೆ ನಾನು ಬದುಕಿದ್ದೇನೆ ಅನ್ನುತ್ತಾಳೆ.

ಬದುಕಿರುವುದೇ ಇಲ್ಲಿ ಸೋಲು! ಅವಳಲ್ಲದೆ ಇನ್ಯಾರಿಗೆ ಹೊಳೆಯಬೇಕು ಇದು? ಬದುಕಿರುವವಳು ದಿನಾ ಜಗಳವಾಡುತ್ತಾಳೆ, ಮುನಿಸಿಕೊಳ್ಳುತ್ತಾಳೆ, ಪರೀಕ್ಷೆ ಇದೆ ಅಂತ ಊರಿಗೆ ಹೋಗುತ್ತಾಳೆ. ಸತ್ತವಳು ಪ್ರೀತಿ ತುಂಬಿದ ಗಳಿಗೆಯಲ್ಲೇ ನಿಂತಿದ್ದಾಳೆ.

ಆಮೇಲೆ ಅವಳು ಹೇಳುವುದು ಇನ್ನೂ ಮುಖ್ಯ. ನಾನು ಕಿಕ್ಯೋ ಅಲ್ಲ, ನನ್ನ ಮನಸ್ಸು ನನ್ನದು, ಆದರೆ ನಿನ್ನನ್ನು ಮತ್ತೊಮ್ಮೆ ನೋಡಬೇಕು ಅನ್ನುವ ಅವಳ ಆಸೆ ಮಾತ್ರ ನನಗೆ ಅರ್ಥವಾಗುತ್ತದೆ, ನನ್ನದೂ ಅದೇ ಆಸೆ. ತನ್ನ ಹೊಟ್ಟೆಕಿಚ್ಚಿನ ಒಳಗೆ ಕೈ ಹಾಕಿ ನೋಡಿದಾಗ ಅವಳಿಗೆ ಅಲ್ಲಿ ಸಿಕ್ಕಿದ್ದು ಕಿಕ್ಯೋಳದ್ದೇ ನೋವು. ಅಷ್ಟು ತಿಳಿದ ಮೇಲೆ, ನಿನ್ನ ಪಕ್ಕದಲ್ಲಿ ಇರಬಹುದಾ ಎಂದು ಒಂದೇ ಪ್ರಶ್ನೆ ಕೇಳುತ್ತಾಳೆ. ಅವಳನ್ನು ಮರೆತುಬಿಡು ಅಂತ ಷರತ್ತು ಹಾಕುವುದಿಲ್ಲ. ಎರಡನೇ ಆಯ್ಕೆ ಆದವಳ ಮಾತಲ್ಲ ಇದು. ಇಲ್ಲಿ ಆಯ್ಕೆ ಮಾಡುತ್ತಿರುವುದೇ ಅವಳು.

ನೀಲಿಶಾಯಿ:

ಬಾವಿಕಟ್ಟೆಯವರೇ, ನೀವು ಹೇಳಿದ್ದಕ್ಕೆ ಒಂದು ಸೇರಿಸಬೇಕು. ಆ ನಿರ್ಧಾರದಿಂದ ಅವಳ ಮತ್ಸರ ಮುಗಿಯುವುದಿಲ್ಲ, ಲೇಖಕಿ ಅದನ್ನು ಬೇಕೆಂದೇ ಮುಗಿಸುವುದಿಲ್ಲ.

ನರಾಕುವಿನ ಅಂಶವಾಗಿ ಹುಟ್ಟಿದ ಒಂದು ಹಸುಗೂಸು ಇದೆಯಲ್ಲ, ಎದುರಿಗಿರುವವರ ಎದೆಯ ಕತ್ತಲೆಯನ್ನು ಹುಡುಕಿ ಅಲ್ಲಿಂದಲೇ ಅವರನ್ನು ವಶ ಮಾಡಿಕೊಳ್ಳುವ ಕೂಸು. ಅದು ಕಾಗೊಮೆಯ ತೋಳಿನಲ್ಲಿ ಮಲಗಿ ಅವಳ ಮನಸ್ಸನ್ನು ತಡಕುತ್ತದೆ. ಅವಳಲ್ಲಿ ಸಿಗುವ ಕತ್ತಲೆ ಒಂದೇ, ಕಿಕ್ಯೋ ಬಗ್ಗೆ ಇರುವ ಮತ್ಸರ. ಕೂಸು ಅದನ್ನೇ ಹಿಡಿದು ಎಳೆಯುತ್ತದೆ. ಆದರೆ ಅವಳು ವಶವಾಗುವುದಿಲ್ಲ. ಅವಳ ಮನಸ್ಸು ಶುಭ್ರವಾಗಿದ್ದದ್ದು ಇದಕ್ಕೆ ಕಾರಣ ಎಂದು ನನಗನ್ನಿಸುವುದಿಲ್ಲ, ಕೊಳೆ ಇತ್ತು, ನಾವೇ ನೋಡಿದೆವು. ಆ ಕೊಳೆ ಅವಳಿಗೆ ಮೊದಲೇ ಗೊತ್ತಿತ್ತು. ಮುಚ್ಚಿಟ್ಟ ಗುಟ್ಟನ್ನು ಹಿಡಿದು ಆಡಿಸಬಹುದು, ತಾನೇ ನೋಡಿ ಅತ್ತು ಮುಗಿಸಿದ್ದನ್ನು ಹಿಡಿದು ಏನು ಮಾಡಲಾದೀತು?

ಈಗ ಇದರ ಪಕ್ಕದಲ್ಲಿ ನರಾಕುವನ್ನೇ ನಿಲ್ಲಿಸಿ. ಅವನು ಮೊದಲು ಒನಿಗುಮೋ ಎಂಬ ದರೋಡೆಕೋರ. ಮೈಯೆಲ್ಲ ಸುಟ್ಟು, ಅಲುಗಾಡಲಾರದೆ ಗುಹೆಯಲ್ಲಿ ಬಿದ್ದಿದ್ದವನಿಗೆ ಆರೈಕೆ ಮಾಡಿದ್ದು ಕಿಕ್ಯೋ. ಅವಳು ತನಗೇ ಬೇಕು ಎಂಬ ಆಸೆಯಿಂದ ತನ್ನ ದೇಹವನ್ನು ಯೋಕಾಯ್‌ಗಳಿಗೆ ತಿನ್ನಲು ಕೊಟ್ಟ. ಹಾಗೆ ಹುಟ್ಟಿದ ನರಾಕು ಮೊಟ್ಟಮೊದಲು ಮಾಡಿದ ಕೆಲಸ ಆ ಇಬ್ಬರನ್ನೂ ಪರಸ್ಪರ ಎತ್ತಿಕಟ್ಟಿದ್ದು. ಆಮೇಲೆ ಒನಿಗುಮೋನ ಹೃದಯ ತನ್ನೊಳಗೆ ಇಲ್ಲವೇ ಇಲ್ಲ ಅನ್ನುತ್ತಾ, ಅದನ್ನು ಕಿತ್ತೆಸೆಯಲು ನೋಡುತ್ತಾ ಎಷ್ಟು ಜನರ ಬದುಕು ಹಾಳುಮಾಡಿದ! ಸಾಯುವ ಗಳಿಗೆಯಲ್ಲಿ ಮಾತ್ರ ಒಪ್ಪಿಕೊಳ್ಳುತ್ತಾನೆ, ತನಗೆ ಬೇಕಿದ್ದದ್ದು ಕಿಕ್ಯೋಳ ಮನಸ್ಸು ಎಂದು. ಇಡೀ ಶಿಕೊನ್ ಮಣಿ ಕೈಯಲ್ಲಿದ್ದರೂ ಅದೊಂದನ್ನು ಕೇಳಿ ಪಡೆಯಲು ಅವನಿಂದ ಆಗಲಿಲ್ಲ.

ನರಾಕುವಿಗೂ ಕಾಗೊಮೆಗೂ ಇದ್ದದ್ದು ಒಂದೇ ಬೆಂಕಿ. ಒಬ್ಬ ಅದು ತನ್ನದಲ್ಲ ಎಂದು ಅಲ್ಲಗಳೆದ, ಇನ್ನೊಬ್ಬಳು ಹೌದು ನನ್ನದೇ ಎಂದಳು. 56 ಸಂಪುಟದ ಮಾಯಾಯುದ್ಧ ನಿಂತಿರುವುದು ಈ ಭೇದದ ಮೇಲೆ. ಬರೀ ಪ್ರೇಮಕಥೆಯಾಗಿದ್ದರೆ ಹೊಟ್ಟೆಕಿಚ್ಚಿಗೆ ಇಷ್ಟು ದೊಡ್ಡ ದೇಹ ಕೊಡಲು ಆಗುತ್ತಿರಲಿಲ್ಲ. ಫ್ಯಾಂಟಸಿಯಲ್ಲಿ ಅದು ಎದ್ದು ನಡೆಯುತ್ತದೆ, ವಿಷದ ಹೊಗೆ ಉಗುಳುತ್ತದೆ.

ಮೂರನೇ ಬೆಂಚು:

ನೀಲಿಶಾಯಿ ಅವರೇ, ಬಹಳ ಚೆನ್ನಾಗಿ ಹೇಳಿದ್ರಿ. ನರಾಕು ಜೊತೆ ಹೋಲಿಸಿದ್ದು ನನಗೆ ಹೊಳೆದಿರಲಿಲ್ಲ.

ಆದ್ರೂ ನನ್ನ ಪ್ರಶ್ನೆ ಅಲ್ಲೇ ಇದೆ. ಕಾಗೊಮೆಗೆ ಹದಿನೈದು ವರ್ಷ. ಆ ವಯಸ್ಸಿನ ಹುಡುಗಿ "ನೀನು ಅವಳನ್ನ ಮರೀಬೇಡ, ನಾನು ಪಕ್ಕದಲ್ಲಿ ಇರ್ತೀನಿ" ಅನ್ನೋದನ್ನ ನಾವೆಲ್ಲ ದೊಡ್ಡ ಗುಣ ಅಂತ ಹೊಗಳ್ತಾ ಇದ್ದೀವಿ. ನನ್ನ ತಂಗಿ ಬಂದು "ಅಣ್ಣಾ, ಅವನಿಗೆ ಹಳೇ ಹುಡುಗಿ ನೆನಪು ಹೋಗಿಲ್ಲ, ಆದ್ರೂ ಕಾಯ್ತೀನಿ" ಅಂದ್ರೆ ನಾನು ಭೇಷ್ ಅನ್ನಲ್ಲ. ಬಿಟ್ಟು ಬಾ ಪುಟ್ಟಿ ಅಂತೀನಿ. ಟೋಕಿಯೊದಲ್ಲಿ ಅವಳ ಗೆಳತಿಯರು ಯೂಕಾ, ಎರಿ, ಅಯೂಮಿ ಕೂಡ ಅರ್ಧಂಬರ್ಧ ಕೇಳಿ ಅದನ್ನೇ ಹೇಳ್ತಾರೆ. ಅವರನ್ನ ನಗಿಸೋಕೆ ಇಟ್ಟ ಪಾತ್ರ ಅಂತ ಓದ್ತೀವಿ, ಆದ್ರೆ ಅವರು ಹೇಳೋದ್ರಲ್ಲಿ ತಪ್ಪೇನಿದೆ?

ತುಂಬೆಗಿಡ:

ಮಧ್ಯೆ ಬರ್ತೇನೆ ಮಾರಾಯ್ರೇ. ಇದೇ ಲೇಖಕಿಯ 'ಮೇಜೊನ್ ಇಕ್ಕೊಕು' ಓದಿದವರು ಯಾರಾದ್ರೂ ಉಂಟಾ ಇಲ್ಲಿ? 1980ರಿಂದ 87ರವರೆಗೆ ಬಂದದ್ದು. ಅದ್ರಲ್ಲಿ ಭೂತ ಪಿಶಾಚಿ ಒಂದೂ ಇಲ್ಲ, ಒಂದು ಹಳೇ ಬಾಡಿಗೆ ಮನೆ, ಅಷ್ಟೇ. ಆದ್ರೆ ಗಂಟು ಇದೇ.

ಕ್ಯೋಕೊ ವಿಧವೆ. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡ ಸೋಯಿಚಿರೋ ತೀರಿಹೋದ. ಅವಳು ಸಾಕಿದ ನಾಯಿಗೆ ಅವನದ್ದೇ ಹೆಸರು. ಗೊದಾಯ್ ಎಂಬ ಹುಡುಗ ಅವಳನ್ನು ಪ್ರೀತಿಸ್ತಾನೆ. ದಿನಕ್ಕೆ ಎಷ್ಟು ಸಲ ಅವಳ ಬಾಯಲ್ಲಿ ಆ ಹೆಸರು ಕೇಳ್ಬೇಕು ಯೋಚಿಸಿ! ಜಗಳವಾಡುವ ಅಂದ್ರೆ ಎದುರಿಗೆ ಮನುಷ್ಯನೇ ಇಲ್ಲ. ಇತ್ತ ಕ್ಯೋಕೊಗೂ ಗೊದಾಯ್ ಬೇರೆ ಹುಡುಗಿ ಹತ್ರ ನಕ್ಕರೆ ಸಹಿಸುದಿಲ್ಲ, ಅದನ್ನು ಒಪ್ಪಿಕೊಳ್ಳುದೂ ಇಲ್ಲ. ಕೊನೆಗೆ ಗೊದಾಯ್ ಸೋಯಿಚಿರೋನ ಸಮಾಧಿ ಮುಂದೆ ನಿಂತು ಹೇಳ್ತಾನೆ, ನಾನು ಅವರನ್ನು ಕಂಡ ದಿನದಿಂದಲೇ ನೀವು ಅವರ ಮನಸ್ಸಿನಲ್ಲಿದ್ರಿ, ಹಾಗಾಗಿ ನಿಮ್ಮನ್ನೂ ಸೇರಿಸಿಯೇ ಅವರನ್ನು ಸ್ವೀಕರಿಸ್ತೇನೆ ಅಂತ. ಕ್ಯೋಕೊ ಅದನ್ನು ಮರೆಯಲ್ಲಿ ನಿಂತು ಕೇಳ್ತಾಳೆ.

ಇಲ್ಲಿ ಹುಡುಗ ತಾಳಿಕೊಂಡವ, ಅಲ್ಲಿ ಹುಡುಗಿ. ಹಾಗಾಗಿ "ಹೆಣ್ಣಿಗೆ ಮಾತ್ರ ತಾಳ್ಮೆ ಪಾಠ" ಅಂತ ತಾಕಾಹಾಶಿ ಮೇಲೆ ಹೊರಿಸುದು ಸರಿ ಅಲ್ಲ ಅಂತ ನನ್ನ ಅಭಿಪ್ರಾಯ. ಗೊದಾಯ್ ಕೂಡ ನಿಮ್ಮ ತಮ್ಮನಾಗಿದ್ರೆ ಬಿಟ್ಟು ಬಾ ಅಂತಲೇ ಹೇಳ್ತಿದ್ರಿ, ಅಲ್ವಾ? ಅವ ಬಿಟ್ಟು ಬರುದಿಲ್ಲ.

ಪೇಡೆನಗರಿ:

ತುಂಬೆಗಿಡ ಅವ್ರ, ಸಮಾಧಿ ಮುಂದ ನಿಂತು ಹೇಳೂದು ಬ್ಯಾರೆ. ಸೋಯಿಚಿರೋ ಎದ್ದು ಬರಂಗಿಲ್ಲ. ಇಲ್ಲೆ ಸತ್ತಾಕಿ ಎದ್ದು ಬಂದು ಬಿಲ್ಲು ಹಿಡದು ನಿಂತಾಳ. ಆಕೀ ಜೀವ ಉಳಸೂ ಕೆಲಸ ಕಾಗೊಮೆ ಕೈಯಾಗ ಬಂದು ಬೀಳ್ತದ, ಅದೂ ಒಮ್ಮೆ ಅಲ್ಲ. ನರಾಕುವಿನ ವಿಷ ಮೈಗೆ ಏರಿ ಕಿಕ್ಯೋ ನೀರಾಗ ಬಿದ್ದಾಗ, ಅದನ್ನ ತೊಳಿಯೂ ಶಕ್ತಿ ಇದ್ದಾಕಿ ಕಾಗೊಮೆ ಒಬ್ಬಾಕೀನ. ಸುಮ್ನ ನಿಂತಿದ್ರ ಸಾಕಿತ್ತು, ಯಾರೂ ಕೇಳ್ತಿದ್ದಿಲ್ಲ. ಉಳಸ್ತಾಳ. ಮುಂದ ಆಕೀನ್ನ ಉಳಸೂ ಬಿಲ್ಲು ತರಾಕ ಅಜುಸಾ ಬೆಟ್ಟಕ್ಕ ಹೋದಾಗ ಆ ಬೆಟ್ಟ ಕಿಕ್ಯೋ ರೂಪಾನ ತೋರಿಸಿ ಕೇಳ್ತದ, ಖರೇನ ಈಕಿ ಉಳೀಬೇಕು ಅಂತ ನಿನಗ ಐತೇನು ಅಂತ. ಗೊದಾಯ್‌ಗ ಇಂಥಾ ಪರೀಕ್ಷೆ ಯಾರೂ ಕೊಡಲಿಲ್ಲ.

ಕಾಗೊಮೆ ನನಗ ಸೇರಿದ್ದು ಅಲ್ಲೇ. ನಾ ಕಿಕ್ಯೋ ಕಡೆ ಇದ್ದಾಕಿ ಹೇಳ್ತೀನಿ ಕೇಳ್ರಿ, ಕಿಕ್ಯೋಗ ಆ ಇಡೀ ಕಥಿಯೊಳಗ ಕಾಗೊಮೆಯಷ್ಟು ನ್ಯಾಯ ಮಾಡಿದವರು ಇನ್ನೊಬ್ಬರಿಲ್ಲ.

ಆಕಿ ಎರಡನೇ ಸಲ ಸಾಯೂ ಅಧ್ಯಾಯ ಓದೂಮುಂದ ನಾ ಪುಸ್ತಕ ಮಡಚಿ ಇಟ್ಟು ಅತ್ತೀನಿ. ಇನುಯಾಶಾನ ತೋಳಿನ್ಯಾಗ ಇದ್ದಾಳ. ಅಂವ ಅಂತಾನ, ನಾ ಮೊದಲ ಪ್ರೀತಿ ಮಾಡಿದ ಹೆಣ್ಣು ನೀನು, ನಿನಗ ಏನೂ ಮಾಡಾಕ ಆಗಲಿಲ್ಲ ಅಂತ. ಆಕಿ ಅಂತಾಳ, ನೀ ಬಂದೀಯಲ್ಲ, ಸಾಕು. ಕಡೀಕ ನಾ ಬರೇ ಒಬ್ಬ ಹೆಣ್ಣುಮಗಳಾದೆ ಅಂತ ಆಕೀಗೆ ಅನಸ್ತದ. ಐವತ್ತು ವರ್ಷದ ಹಿಂದ ಬೇಡಿದ್ದು ಅದ ಅಲ್ಲೇನ್ರಿ! ಸ್ವಲ್ಪ ದೂರದಾಗ ಕಾಗೊಮೆ ನಿಂತು ಅಳ್ತಿರತಾಳ. ಆ ಹೊತ್ತಿನ್ಯಾಗ ಆಕೀಗೆ ಗೆದ್ದೆ ಅಂತ ಅನಿಸಿಲ್ಲ.

ರಾತ್ರಿಪಾಳಿ:

ಅಂದ್ರೆ ನಾನು ನಿಲ್ಲಿಸಿದ ಜಾಗ ತಪ್ಪು ಜಾಗ. ಎಲ್ಲಿಂದ ಹಿಡೀಲಿ?

ನೀಲಿಶಾಯಿ:

ಮೊದಲ ಆನಿಮೆ ಮಂಗಾದ ಅರ್ಧಕ್ಕಿಂತ ಸ್ವಲ್ಪ ಮುಂದೆ ನಿಲ್ಲುತ್ತದೆ. ಉಳಿದ ಕಥೆಯನ್ನು 2009-10ರ 'ಫೈನಲ್ ಆ್ಯಕ್ಟ್' 26 ಸಂಚಿಕೆಗಳಲ್ಲಿ ಓಡಿಸಿಬಿಡುತ್ತದೆ. ಕಿಕ್ಯೋಳ ಸಾವು ಅದರಲ್ಲಿ ಚೆನ್ನಾಗಿಯೇ ಬಂದಿದೆ, ಆದರೆ ಅಲ್ಲಿಗೆ ತಲುಪುವ ದಾರಿ ಬಹಳ ಕಿರಿದು. 36ನೇ ಸಂಪುಟದ ಆಸುಪಾಸಿನಿಂದ ಪುಸ್ತಕವೇ ಓದಿ.

ಬಾವಿಕಟ್ಟೆ:

@ಮೂರನೇ ಬೆಂಚು, ನಿಮ್ಮ ತಂಗಿಯ ಮಾತಿಗೆ ಉತ್ತರ ಕೊಡದೆ ಹೋದರೆ ಈ ಚರ್ಚೆಗೆ ಅನ್ಯಾಯವಾಗುತ್ತದೆ. ನಿಮ್ಮ ತಂಗಿ ಕೇಳಿದರೆ ನಾನೂ ಬಿಟ್ಟು ಬಾ ಅಂತಲೇ ಹೇಳುತ್ತೇನೆ, ಒಂದು ವೇಳೆ ಆ ಹುಡುಗ ಸುಳ್ಳು ಹೇಳುತ್ತಿದ್ದರೆ. ಮೊದಮೊದಲು ಇನುಯಾಶಾ ಮುಚ್ಚಿಡುತ್ತಿದ್ದ, ಅದು ತಪ್ಪೇ, ಕೋಗಾ ವಿಷಯದಲ್ಲೂ ನೀವು ಹೇಳಿದ್ದು ಸರಿ. ಆದರೆ ಆ ಮರದ ಹತ್ತಿರದ ಮಾತುಕತೆಯ ನಂತರ ಅವನು ಕಾಗೊಮೆಗೆ ಸುಳ್ಳು ಭರವಸೆ ಕೊಟ್ಟದ್ದನ್ನು ನನಗೆ ತೋರಿಸಿ. ಅವಳಿಗೆ ಎಲ್ಲವೂ ಗೊತ್ತಿದ್ದೇ ಉಳಿದಳು. ಗೊತ್ತಿಲ್ಲದೆ ಕಾಯುವುದಕ್ಕೂ ಗೊತ್ತಿದ್ದು ಇರುವುದಕ್ಕೂ ಬಹಳ ದೂರ.

ಇನ್ನು ಶೀರ್ಷಿಕೆಯ ಪ್ರಶ್ನೆ. ಕಿಕ್ಯೋ ತೀರಿಕೊಳ್ಳುವುದು 56ರಲ್ಲಿ ಇನ್ನೂ ಎಂಟೊಂಬತ್ತು ಸಂಪುಟ ಬಾಕಿ ಇರುವಾಗ. ಅವಳು ಹೋದ ಕೂಡಲೇ ಇವರಿಬ್ಬರೂ ಕೈಕೈ ಹಿಡಿದು ಹೊರಡುವುದಿಲ್ಲ. ಅವನು ದುಃಖಿಸುತ್ತಾನೆ, ಅವಳು ಅದಕ್ಕೆ ಜಾಗ ಬಿಡುತ್ತಾಳೆ. ಕಟ್ಟಕಡೆಗೆ ಕಾಗೊಮೆ ಶಿಕೊನ್ ಮಣಿಯೊಳಗಿನ ಕತ್ತಲೆಯಲ್ಲಿ ಒಬ್ಬಳೇ ಸಿಕ್ಕಿಬೀಳುತ್ತಾಳೆ. ಮನೆಗೆ ಹೋಗಬೇಕು ಎಂದು ಒಂದು ಮಾತು ಬೇಡಿಕೋ, ಬಿಡುಗಡೆ ಆಗುತ್ತದೆ ಎಂದು ಮಣಿ ಆಸೆ ಹುಟ್ಟಿಸುತ್ತದೆ. ಹಾಗೆ ಬೇಡಿದ್ದರೆ ಅವಳು ಆ ಕತ್ತಲೆಯಲ್ಲೇ ಯುಗಾಂತರ ಹೋರಾಡುತ್ತಾ ಉಳಿಯಬೇಕಿತ್ತು. ನಾನು ಬರುವವರೆಗೆ ಏನೂ ಬೇಡಬೇಡ ಎಂದು ಅವನ ದನಿ ಕೇಳುತ್ತದೆ. ಅವಳು ನಂಬಿ ಕಾಯುತ್ತಾಳೆ. ಒಂದು ಕಾಲದಲ್ಲಿ ಇವನು ರಾತ್ರಿ ಎದ್ದು ಎಲ್ಲಿಗೆ ಹೋದ ಎಂದು ನಿದ್ದೆಗೆಡುತ್ತಿದ್ದ ಹುಡುಗಿ ಇವಳೇ! ಅವನು ಬರುತ್ತಾನೆ. ಆಗ ಅವಳು ಬೇಡಿಕೊಳ್ಳುವುದು ಮಣಿ ಶಾಶ್ವತವಾಗಿ ಇಲ್ಲವಾಗಲಿ ಎಂದು. ಕಿಕ್ಯೋ ಬಯಸಿದ್ದೂ ಆ ಮಣಿಯಿಂದ ಬಿಡುಗಡೆಯನ್ನೇ.

ಆಮೇಲೆ ಮೂರು ವರ್ಷ ಬಾವಿ ಮುಚ್ಚಿಹೋಗುತ್ತದೆ. ಅವನ ಪಾಲಿಗೆ ಆಗ ಕಿಕ್ಯೋನೂ ಇಲ್ಲ, ಕಾಗೊಮೆಯೂ ಇಲ್ಲ. ಆ ಮೂರು ವರ್ಷವೂ ಅವನು ಹೋಗಿ ಹೋಗಿ ಇಣುಕುತ್ತಿದ್ದದ್ದು ಬಾವಿಯೊಳಗೆ. ಕಾಗೊಮೆ ಹೈಸ್ಕೂಲು ಮುಗಿಸಿ, ಹದಿನೆಂಟರ ಹೆಣ್ಣಾಗಿ, ಅಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಬಾವಿಯೊಳಗೆ ಆಕಾಶ ನೋಡಿ ಹೊರಡುತ್ತಾಳೆ.

ತುಂಬೆಗಿಡ:

ಮತ್ತೆ 2020ರ ಮುಂದುವರಿದ ಸರಣಿ 'ಯಶಾಹಿಮೆ'ಯಲ್ಲಿ ಕಾಲವೃಕ್ಷದ ಆತ್ಮ ಕಿಕ್ಯೋಳ ಮುಖ ಹೊತ್ತೇ ಬರುದು. ಇನುಯಾಶಾ-ಕಾಗೊಮೆಯ ಮಗಳು ಮೊರೋಹಾ ತಿರುಗಾಡುವ ಲೋಕದಲ್ಲಿಯೂ ಆ ಮುಖ ಉಂಟು. ಆ ಸರಣಿ ನನಗೆ ಅಷ್ಟು ಹಿಡಿಸ್ಲಿಲ್ಲ, ಇದೊಂದು ಮಾತ್ರ ಸರಿ ಅನ್ನಿಸಿತು.

ಮೂರನೇ ಬೆಂಚು:

ಬಾವಿಕಟ್ಟೆ, ಮಣಿಯೊಳಗೆ ಕಾಯೋ ಭಾಗ ನೀವು ಹೇಳಿದ ಥರ ಓದಿದ್ರೆ ಬಹಳ ದೊಡ್ಡದಾಗಿ ಕಾಣುತ್ತೆ, ನಿಜ. ಆದ್ರೆ ಶೀರ್ಷಿಕೆಗೆ ನೀವಿನ್ನೂ ನೇರ ಉತ್ತರ ಕೊಟ್ಟಿಲ್ಲ. ಕಿಕ್ಯೋ ಮಣ್ಣಿನ ದೇಹದಲ್ಲೇ ಇನ್ನೂ ಮೂವತ್ತು ವರ್ಷ ಓಡಾಡ್ಕೊಂಡಿದ್ದಿದ್ರೆ?

ಪೇಡೆನಗರಿ:

ನಾ ಹೇಳ್ತೀನಿ. ಕಿಕ್ಯೋನ ಅವನ್ನ ಬಿಟ್ಟು ಹೋಗ್ತಿದ್ದಳು. ಅಜುಸಾ ಬೆಟ್ಟಕ್ಕಿಂತ ಎಷ್ಟೋ ಮೊದಲ ಆಕಿ ಒಬ್ಬಾಕೀನ ನರಾಕುವಿನ ಬೆನ್ನು ಹತ್ತಿದ್ದಳು, ಊರೂರಿಗೆ ಹೋಗಿ ಗಾಯ ಆದವರಿಗೆ ಔಷಧ ಹಾಕ್ತಿದ್ದಳು. ಇನುಯಾಶಾ ಸಿಕ್ಕಾಗೆಲ್ಲ ಮಾತು ಮುಗಿಸಿ ಮೊದಲ ಎದ್ದು ಹೋಗಾಕಿ ಯಾರು? ಆಕೀನ. ಎಲ್ಲಾರೂ ಆ ಹುಡುಗ ಯಾರನ್ನ ಆರಿಸ್ತಾನ ಅಂತ ಕೇಳ್ತೀರಿ, ಕಿಕ್ಯೋಗ ಏನು ಬೇಕಿತ್ತು ಅಂತ ಒಬ್ಬರೂ ಕೇಳಲಿಲ್ಲ ನೋಡ್ರಿ.